ಕೀ ಕೊಟ್ಟರೆ ಹಾಡುವ ರೇಡಿಯೋ

ಕೇಳುಗರೇ, ನಮಸ್ಕಾರ.

ಸೈಕಲ್ಲಿಗೆ ಡೈನಮೋ ಹಾಕಿಸಿಕೊಂಡು ರಾತ್ರಿ ಓಡಾಡಿದವರು ನಿಮ್ಮಲ್ಲಿ ತುಂಬಾ ಜನ ಇರಬಹುದು. ಅದರ ತಲೆಯನ್ನು ಟೈರಿಗೆ ಒತ್ತಿ ಕೂರಿಸಿದರೆ ಗುಂಯ್ ಅಂತ ಶಬ್ದ, ಮುಂದೆ ಹಳದಿ ಬೆಳಕು, ಪೆಡಲ್ ಮಾತ್ರ ಸ್ವಲ್ಪ ಭಾರ. ಆ ಭಾರ ಇದೆಯಲ್ಲ, ಅದೇ ಮುಖ್ಯ. ಒಳಗೆ ಅಯಸ್ಕಾಂತ ತಿರುಗಿದಾಗ ತಾಮ್ರದ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ, ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡಿದ್ದು ಇದನ್ನೇ, ಆದರೆ ಅದು ಪುಕ್ಕಟೆ ಬರುವುದಿಲ್ಲ, ನಿಮ್ಮ ಕಾಲಿನ ಕಸುವೇ ಬೆಳಕಾಗಿರುತ್ತದೆ. ಸಿಗುವುದು ಸಾಮಾನ್ಯವಾಗಿ 6 ವೋಲ್ಟ್, 3 ವ್ಯಾಟ್. ಸೈಕಲ್ ನಿಂತರೆ ಅದೂ ಇಲ್ಲ.

ಈ ತೊಂದರೆಗೆ ಇಂಗ್ಲೆಂಡಿನ ಟ್ರೆವರ್ ಬೇಲಿಸ್ ಹುಡುಕಿದ ದಾರಿ ನನಗೆ ತುಂಬಾ ಇಷ್ಟ. 1991ರಲ್ಲಿ ಅವರು ಟಿವಿಯಲ್ಲಿ ಆಫ್ರಿಕಾದ ಏಡ್ಸ್ ಬಗ್ಗೆ ಒಂದು ಕಾರ್ಯಕ್ರಮ ನೋಡಿದರು. ಹಳ್ಳಿಗಳಿಗೆ ವಿಷಯ ಮುಟ್ಟಿಸಲು ರೇಡಿಯೋ ಬೇಕು, ಆದರೆ ಅಲ್ಲಿ ಕರೆಂಟಿಲ್ಲ, ಬ್ಯಾಟರಿ ದುಬಾರಿ. ಅವರು ಏನು ಮಾಡಿದರು ಗೊತ್ತಾ? ಆಟಿಕೆ ಕಾರಿನ ಮೋಟರು, ಮ್ಯೂಸಿಕ್ ಬಾಕ್ಸಿನ ಸ್ಪ್ರಿಂಗು, ಒಂದು ಪುಟ್ಟ ಟ್ರಾನ್ಸಿಸ್ಟರು, ಇಷ್ಟನ್ನೇ ಜೋಡಿಸಿದರು. ಗೋಡೆ ಗಡಿಯಾರಕ್ಕೆ ಕೀ ಕೊಡುತ್ತಿದ್ದೆವಲ್ಲ, ಹಾಗೇ ಕೀ ಕೊಟ್ಟು ಕೈ ಬಿಟ್ಟರೆ ಸ್ಪ್ರಿಂಗ್ ನಿಧಾನಕ್ಕೆ ಬಿಚ್ಚಿಕೊಳ್ಳುತ್ತಾ ಮೋಟರನ್ನು ತಿರುಗಿಸುತ್ತದೆ, ತಿರುಗಿದ ಮೋಟರು ಡೈನಮೋದ ಹಾಗೆ ಕರೆಂಟ್ ಕೊಡುತ್ತದೆ, ರೇಡಿಯೋ ಮಾತಾಡುತ್ತದೆ! ಮುಂದೆ ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ ಇದಕ್ಕೊಂದು ಕಾರ್ಖಾನೆಯೇ ಶುರುವಾಯಿತು.

ರೇಡಿಯೋಗೆ ಚೂರೇ ಚೂರು ಕರೆಂಟ್ ಸಾಕು, ಹಾಗಾಗಿ ಇದು ನಡೆಯಿತು. ಅಡುಗೆಮನೆಯ ಗ್ಯಾಸ್ ಲೈಟರೂ ಅಷ್ಟೇ. ಒತ್ತಿದಾಗ ಒಳಗೊಂದು ಪುಟ್ಟ ಸುತ್ತಿಗೆ, ಪೆಟ್ಟು ಬಿದ್ದರೆ ಕರೆಂಟ್ ಹುಟ್ಟಿಸುವ ಪೀಜೋ ಅನ್ನುವ ಹರಳಿಗೆ ಬಡಿಯುತ್ತದೆ, ಒಂದು ಕಿಡಿ ಹಾರುತ್ತದೆ, ಸ್ಟವ್ ಹಚ್ಚಲು ಇನ್ನೇನು ಬೇಕು?

ಜನ ಓಡಾಡಿದರೆ ನೆಲದಿಂದ ಕರೆಂಟ್ ಬರುತ್ತೆ, ಮೊಬೈಲ್ ಚಾರ್ಜ್ ಮಾಡಬಹುದು ಅಂತ ಕೆಲವರು ಹೇಳುತ್ತಾರೆ, ಅಲ್ವಾ? ಸುಮ್ನೆ ಒಂದು ಲೆಕ್ಕ ಹಾಕೋಣ. 60 ಕೆಜಿ ತೂಕದವರು ಕಾಲಿಟ್ಟಾಗ ಹಲಗೆ 5 ಮಿಲಿಮೀಟರ್ ಕೆಳಗಿಳಿದರೆ, ಜಾಸ್ತಿ ಅಂದರೆ 3 ಜೂಲ್ ಶಕ್ತಿ ಸಿಗುತ್ತದೆ. 4,000 ಎಂಎಎಚ್ ಫೋನ್ ಬ್ಯಾಟರಿ ತುಂಬಲು ಸುಮಾರು 55,000 ಜೂಲ್ ಬೇಕು. ಒಂದಿಷ್ಟೂ ಪೋಲಾಗಲಿಲ್ಲ ಅಂದುಕೊಂಡರೂ 18,000 ಹೆಜ್ಜೆ ಆಯಿತು. ಅದೇ 3 ಜೂಲಿನಲ್ಲಿ ಒಂದು ಪುಟ್ಟ ಎಲ್‌ಇಡಿ ಅರ್ಧ ನಿಮಿಷಕ್ಕಿಂತ ಜಾಸ್ತಿ ಉರಿಯುತ್ತದೆ. ಕತ್ತಲೆಯ ಮೆಟ್ಟಿಲು ಹತ್ತುವವರಿಗೆ ಅಷ್ಟು ಹೊತ್ತು ಬೆಳಕು ಸಾಕಲ್ಲವೇ?

ಮನೆಯಲ್ಲಿ ಮುರಿದ ಆಟಿಕೆ ಕಾರ್ ಇದ್ದರೆ ಬಿಸಾಡಬೇಡಿ. ಅದರ ಮೋಟರು ತೆಗೆದು, ಎರಡು ತಂತಿಗೆ ಒಂದು ಕೆಂಪು ಎಲ್‌ಇಡಿ ಕಟ್ಟಿ. ಮೋಟರಿನ ಕಡ್ಡಿಗೆ ದಾರ ಸುತ್ತಿ ಜೋರಾಗಿ ಎಳೆಯಲು ಮಕ್ಕಳಿಗೆ ಹೇಳಿ. ದೀಪ ಮಿನುಗದಿದ್ದರೆ ತಂತಿಗಳನ್ನು ಅದಲುಬದಲು ಮಾಡಿ, ಇನ್ನೊಂದು ಸಲ ಎಳೆಯಲಿ.