ಐಟಿ ಕೆಲಸ ಬಿಟ್ಟು ಮೇಷ್ಟ್ರಾಗಬೇಕಾ? ರಾಜೀನಾಮೆಗೆ ಮುಂಚೆ ಇದನ್ನು ನೋಡಿ

ನಮಸ್ಕಾರ. "ಈ ಕೋಡಿಂಗ್ ಸಾಕಪ್ಪಾ, ಊರಿಗೆ ಹೋಗಿ ಮಕ್ಕಳಿಗೆ ಪಾಠ ಮಾಡ್ಕೊಂಡು ಇರ್ತೀನಿ." ಬೆಂಗಳೂರಿನ ಯಾವ ಟೆಕ್ ಪಾರ್ಕ್ ಹೊರಗಿನ ಟೀ ಅಂಗಡಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಆಸೆ ಒಳ್ಳೆಯದೇ. ಆದರೆ ಮೇಷ್ಟ್ರಾಗುವ ದಾರಿ ಯಾವುದು, ಆದಮೇಲೆ ದಿನ ಹೇಗಿರುತ್ತದೆ ಅಂತ ವಿಚಾರಿಸಿದವರು ಕಡಿಮೆ.

[ಪರದೆ ಮೇಲೆ: 1–5, 6–8, 9–10]

ಮೊದಲು ದಾರಿ. ಪುಟ್ಟ ಮಕ್ಕಳಿಗೆ ಕಲಿಸುವ ಆಸೆಯಿಂದ ಬಿ.ಎಡ್ ಸೇರಿದರೆ ಎಡವಟ್ಟಾಗುತ್ತದೆ. 1ರಿಂದ 5ನೇ ತರಗತಿಗೆ ಬಿ.ಎಡ್ ನಡೆಯುವುದಿಲ್ಲ ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೆ ಡಿ.ಎಲ್.ಎಡ್ ಅನ್ನುವ ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಬೇಕು, ನಮ್ಮ ಹಿರಿಯರು ಟಿಸಿಎಚ್ ಅನ್ನುತ್ತಿದ್ದರಲ್ಲ, ಆ ಜಾತಿಯ ಕೋರ್ಸ್. ಹೈಸ್ಕೂಲಿಗೆ ಬಿ.ಎಡ್ ಬೇಕು. 8ನೇ ತರಗತಿವರೆಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯೂ ಪಾಸಾಗಿರಬೇಕು. 150 ಅಂಕದ ಪರೀಕ್ಷೆ, ಸಾಮಾನ್ಯ ವರ್ಗದವರಿಗೆ 90 ಬರಬೇಕು. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ.

ಬಿಇ ಮಾಡಿದವರೂ ಬಿ.ಎಡ್ ಸೇರಬಹುದು. ಶಿಕ್ಷಕ ತರಬೇತಿಗೆ ನಿಯಮ ಮಾಡುವ ಕೇಂದ್ರ ಸಂಸ್ಥೆ ಎನ್‌ಸಿಟಿಇ ಪ್ರಕಾರ 55% ಅಂಕ ಬೇಕು, ಮೀಸಲಾತಿ ಇದ್ದವರಿಗೆ ವಿನಾಯಿತಿ ಇದೆ.

"ಕೆಲಸದಲ್ಲಿದ್ದುಕೊಂಡೇ ದೂರ ಶಿಕ್ಷಣದಲ್ಲಿ ಮುಗಿಸಿಬಿಡ್ತೀನಿ" ಅನ್ನುವವರು ಸ್ವಲ್ಪ ನಿಲ್ಲಿ. ಇಗ್ನೋ ಬಿ.ಎಡ್ ಇರುವುದು ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗೆ. ಐಟಿಯಿಂದ ಬರುವವರು ಕಾಲೇಜಿಗೇ ಹೋಗಬೇಕು. ಈಗಿನ ಲೆಕ್ಕದಲ್ಲಿ 2 ವರ್ಷ, ಅದರಲ್ಲಿ 20 ವಾರ ಶಾಲೆಯಲ್ಲೇ. ನಾಲ್ಕು ವರ್ಷದ ಪದವಿ ಇದ್ದವರಿಗೆ 1 ವರ್ಷದ ಬಿ.ಎಡ್ ಎಂದು 2025ರಲ್ಲಿ ಕರಡು ನಿಯಮ ಬಂತು. ಕರಡು ನೆಚ್ಚಿಕೊಂಡು ರಾಜೀನಾಮೆ ಬರೆಯಬೇಡಿ.

[ಪರದೆ ಮೇಲೆ: ಕಪ್ಪು ಹಲಗೆ, ½ + ⅓]

ಸರಿ, ದಾರಿ ಗೊತ್ತಾಯ್ತು. ಆದರೆ ಕೆಲಸ ನಿಮಗೆ ಹಿಡಿಸುತ್ತಾ? ಇದಕ್ಕೊಂದು ಅನುಕೂಲ ಇದೆ. ಶನಿವಾರ ನಿಮಗೆ ರಜೆ, ಸರ್ಕಾರಿ ಶಾಲೆಗೆ ಬೆಳಗಿನ ತರಗತಿ. ಮನೆ ಹತ್ತಿರದ ಶಾಲೆಯ ಎಚ್ಎಂ ಅವರನ್ನು ಕಂಡು, ಒಂದು ಪೀರಿಯಡ್ ಗಣಿತ ಮಾಡಲಾ ಅಂತ ಕೇಳಿ. ಒಂದು ವಾರ ಮಾಡಿದರೆ ಅದು ಸುಮ್ನೆ ಫೋಟೋಗೆ. ಇಡೀ ಟರ್ಮ್ ಹೋಗಿ.

ಅರ್ಧ ಕೂಡಿಸು ಮೂರನೇ ಒಂದು ಎಷ್ಟು ಅಂತ ಬೋರ್ಡ್ ಮೇಲೆ ಬರೆದು ನೋಡಿ. ಒಬ್ಬರಾದರೂ 2/5 ಅಂತ ಬರೆಯುತ್ತಾರೆ. ಮೇಲಿಂದಕ್ಕೆ ಮೇಲಿಂದು, ಕೆಳಗಿಂದಕ್ಕೆ ಕೆಳಗಿಂದು ಕೂಡಿಸಿದ್ದಾರೆ ಅಷ್ಟೇ. "ಲ.ಸಾ.ಅ. ತಗೋ" ಅಂದುಬಿಟ್ಟರೆ ಮಗು ಬರೆದುಕೊಳ್ಳುತ್ತದೆ, ಮುಂದಿನ ಶನಿವಾರ ಮತ್ತೆ 2/5. ಬದಲಿಗೆ, "2/5 ಅಂದ್ರೆ ಅರ್ಧಕ್ಕಿಂತ ಕಡಿಮೆ ಅಲ್ವಾ? ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಕಡಿಮೆ ಹೇಗಾಯ್ತು?" ಅಂತ ಕೇಳಿ. ಮಗು ತಲೆ ಕೆರೆದುಕೊಳ್ಳುತ್ತದೆ. ಆ ಹೊತ್ತಲ್ಲಿ ನಿಮಗೆ ಖುಷಿಯಾಗುತ್ತಾ, ಇಲ್ಲ ಗಡಿಯಾರ ನೋಡುತ್ತೀರಾ? ನನ್ನ ಪ್ರಕಾರ ಯಾವ ಕರಿಯರ್ ಕೌನ್ಸೆಲಿಂಗೂ ಇದಕ್ಕಿಂತ ಚೆನ್ನಾಗಿ ಹೇಳಲ್ಲ. ಮ್ಯಾನೇಜರ್ ಕಾಟಕ್ಕೆ ಮಾತ್ರ ಓಡಿಬರುತ್ತಿದ್ದರೆ ಕಂಪನಿ ಬದಲಿಸಿ, ಸಾಕು.

ಪಾಠದ ಆಚೆಗೂ ಕೆಲಸ ಇದೆ. ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿ ತುಂಬುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್ ಎಂಟ್ರಿ, ಚುನಾವಣೆ ಡ್ಯೂಟಿ. 2025ರ ದಸರಾ ಹೊತ್ತಿಗೆ ಸರ್ಕಾರಿ ಶಿಕ್ಷಕರು ಜಾತಿ ಸಮೀಕ್ಷೆಗೆ ಮನೆಮನೆ ತಿರುಗಿದ್ದು ನೆನಪಿದೆಯಾ? ಎಕ್ಸೆಲ್ ಶೀಟಿಂದ ತಪ್ಪಿಸಿಕೊಳ್ಳಲು ಬಂದವರಿಗೆ ಇಲ್ಲೂ ಶೀಟೇ.

[ಪರದೆ ಮೇಲೆ: ಲೆಕ್ಕ]

ಇನ್ನು ದುಡ್ಡು. ಸರ್ಕಾರಿ ನೇಮಕಾತಿ ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು. ಅಲ್ಲಿವರೆಗೆ ಅತಿಥಿ ಶಿಕ್ಷಕರಾದರೆ ಗೌರವಧನ ತಿಂಗಳಿಗೆ 12 ಸಾವಿರದ ಆಸುಪಾಸು. ಬೆಂಗಳೂರಲ್ಲಿ ಅದು ಮನೆ ಬಾಡಿಗೆಗೂ ಸಾಲದು. ಹಾಗಾಗಿ ಓದಿನ 2 ವರ್ಷ, ಆಮೇಲೆ ಕಾಯುವ 1 ವರ್ಷ, ಒಟ್ಟು 3 ವರ್ಷದ ಮನೆಖರ್ಚು ಕೈಯಲ್ಲಿರಲಿ. ಹೋಮ್ ಲೋನ್ ಇದ್ದರೆ ಮೊದಲು ಮನೆಯವರ ಜೊತೆ ಕೂತು ಮಾತಾಡಿ.

ಕೊನೆಯದಾಗಿ, ಕಂಪನಿ ಸೇರಿದ ತಾರೀಖು ನೋಡಿಕೊಳ್ಳಿ. 5 ವರ್ಷ ತುಂಬಲು ಕೆಲವೇ ತಿಂಗಳಿದ್ದರೆ ಕಾದುಬಿಡಿ, ಗ್ರಾಚ್ಯುಟಿ, ಅಂದರೆ ಬಿಡುವಾಗ ಕಂಪನಿ ಕೊಡುವ ಇಡಿಗಂಟು ಸಿಗುತ್ತದೆ. ಕೊನೆಯ ಬೇಸಿಕ್ ಸಂಬಳವನ್ನು 26ರಿಂದ ಭಾಗಿಸಿ, 15ರಿಂದಲೂ ಕೆಲಸ ಮಾಡಿದ ವರ್ಷಗಳಿಂದಲೂ ಗುಣಿಸಿ. ಬೇಸಿಕ್ 50 ಸಾವಿರ ಇದ್ದರೆ 5 ವರ್ಷಕ್ಕೆ ಸುಮಾರು 1.44 ಲಕ್ಷ. ಬಿ.ಎಡ್ ಓದುವಾಗ ಅದು ಎಷ್ಟೋ ತಿಂಗಳ ದಿನಸಿ.