ಘಟ್ಟ ಹತ್ತಿದ ಮರುದಿನ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು 45 ದಾಟಿದವರು. ಸೋಮೇಶ್ವರದಿಂದ ಆಗುಂಬೆಗೆ 14 ತಿರುವನ್ನೂ ಸೈಕಲ್ಲಿನಲ್ಲೇ ಹತ್ತಿ ಬಂದವರೂ ಇದ್ದೀರಿ. ಘಟ್ಟ ಹತ್ತುವುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹತ್ತಿದ ಮರುದಿನ ಏನು ಮಾಡುತ್ತೀರಿ ಅನ್ನುವುದರ ಬಗ್ಗೆ ಇವತ್ತು ಮಾತಾಡೋಣ.

ಏರು ತುಳಿಯುವಾಗ ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ, ಅದರಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಖಾಲಿಯಾಗುತ್ತದೆ. ದೇಹ ಅದನ್ನೆಲ್ಲ ಸರಿಮಾಡಿ ಮೊದಲಿಗಿಂತ ತುಸು ಗಟ್ಟಿಯಾಗುವುದು ಆಮೇಲೆ, ಅದರಲ್ಲೂ ನಿದ್ದೆಯಲ್ಲಿ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಬರುವುದು ಗಾಢ ನಿದ್ದೆಯಲ್ಲಿ. ವಯಸ್ಸಾದಂತೆ ಆ ಗಾಢ ನಿದ್ದೆಯೇ ಕಡಿಮೆಯಾಗುತ್ತ ಬರುತ್ತದೆ. 25ರಲ್ಲಿ ಒಂದು ದಿನಕ್ಕೆ ಸುಧಾರಿಸಿಕೊಂಡವರಿಗೆ 50ರಲ್ಲಿ ಎರಡು ದಿನ, ಕೆಲವೊಮ್ಮೆ ಮೂರು ದಿನ ಬೇಕಾಗಬಹುದು. ಅದಕ್ಕೇ ವಾರಕ್ಕೆ ಎರಡು ಜೋರಿನ ಸವಾರಿ ಸಾಕು. ಉಳಿದ ದಿನ, ಪಕ್ಕದವರ ಜೊತೆ ಏದುಸಿರಿಲ್ಲದೆ ಮಾತಾಡುತ್ತ ಹೋಗುವಷ್ಟು ನಿಧಾನ.

ನಮ್ಮ ಮಲೆನಾಡಿನಲ್ಲಿ ಈ ನಿಧಾನವೇ ಕಷ್ಟ. ತೀರ್ಥಹಳ್ಳಿ ಕಡೆ ತಿರುಗಿದಿರೋ, ನೀವು ಬಿಟ್ಟರೂ ಏರು ಬಿಡುವುದಿಲ್ಲ. ಹಗುರ ಅಂದುಕೊಂಡ ದಿನ ಅರ್ಧಂಬರ್ಧ ಜೋರಿನ ದಿನವಾಗುತ್ತದೆ. ಇದರಷ್ಟು ನಷ್ಟದ ಸವಾರಿ ಇನ್ನೊಂದಿಲ್ಲ: ಶಕ್ತಿ ಬೆಳೆಸಲು ಸಾಲದು, ದಣಿವಾರಲೂ ಬಿಡದು. ಹಗುರ ದಿನಕ್ಕೆ ಹೊನ್ನಾಳಿ ರಸ್ತೆ ಹಿಡಿಯಿರಿ. ಅತ್ತ ಗದ್ದೆ ಬಯಲು.

ಇನ್ನು ತೋಟ. ಅಡಿಕೆ ಗೊನೆ ಕೊಯ್ಲಿನ ಕಾಲದಲ್ಲಿ ಹಗಲೆಲ್ಲ ಗೊನೆ ಹೊತ್ತು, ರಾತ್ರಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ಕೂತು, ಬೆಳಿಗ್ಗೆ ಐದಕ್ಕೆ ಸೈಕಲ್ ಹತ್ತುವವರನ್ನು ನೋಡಿದ್ದೇನೆ. ತೋಟದ ದಣಿವು ಬೇರೆ, ಸೈಕಲ್ಲಿನ ದಣಿವು ಬೇರೆ ಅನ್ನುವ ಲೆಕ್ಕ ದೇಹಕ್ಕಿಲ್ಲ. ಆ ವಾರಗಳಲ್ಲಿ ಜೋರಿನ ಸವಾರಿ ಬೇಡವೇ ಬೇಡ.

ದಣಿವು ಆರಿದೆಯೋ ಇಲ್ಲವೋ ತಿಳಿಯಲು ದುಬಾರಿ ವಾಚು ಬೇಕಿಲ್ಲ. ಎಚ್ಚರವಾದ ಮೇಲೆ, ಹಾಸಿಗೆ ಬಿಡುವ ಮೊದಲು, ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಕೆಳಭಾಗಕ್ಕೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. ಅಲಾರಂ ಸದ್ದಿಗೆ ಬೆಚ್ಚಿ ಎದ್ದಿದ್ದರೆ ಸ್ವಲ್ಪ ಹೊತ್ತು ಸುಮ್ಮನೆ ಮಲಗಿದ್ದು ಎಣಿಸಿ. ಎರಡು ವಾರ ಕ್ಯಾಲೆಂಡರ್ ಮೇಲೆ ಬರೆದಿಟ್ಟರೆ ನಿಮ್ಮ ಲೆಕ್ಕ ನಿಮಗೆ ಸಿಗುತ್ತದೆ. ಒಂದು ಬೆಳಿಗ್ಗೆ ಅದು ಏಳೆಂಟು ಹೆಚ್ಚಿದ್ದು, ನಿದ್ದೆಯೂ ಸರಿಯಾಗಿಲ್ಲದಿದ್ದರೆ ಅವತ್ತು ಘಟ್ಟದ ಕಡೆ ಹೋಗಬೇಡಿ. 220ರಿಂದ ವಯಸ್ಸು ಕಳೆದು ಎದೆಬಡಿತದ ಗರಿಷ್ಠ ಮಿತಿ ಹೇಳುವ ಸೂತ್ರವನ್ನೂ ಪೂರ್ತಿ ನಂಬಬೇಡಿ. ಅದು ಬರೀ ಸರಾಸರಿ.

ಊಟದ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಸಾಮಾನ್ಯ ವಯಸ್ಕರಿಗೆ ಹೇಳಿದ್ದು ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ಗಟ್ಟಿಯಾಗಿ ಸೈಕಲ್ ತುಳಿಯುವ ನಮಗೆ 1.2ರಿಂದ 1.6 ಬೇಕು, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಿ. ತಿಳಿಸಾರು ಅನ್ನದಲ್ಲಿ ಇಷ್ಟು ಸಿಗುವುದಿಲ್ಲ. ಹುರುಳಿ ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಕಾಳನ್ನು ದನಕ್ಕೆ ಹಾಕುವ ರೂಢಿ ನಮ್ಮಲ್ಲಿದೆ. ಪ್ರೋಟೀನಿನ ಹೆಚ್ಚಿನ ಪಾಲು ಆ ಕಾಳಿನಲ್ಲೇ ಇರುವುದು. ದಯವಿಟ್ಟು ನಿಮ್ಮ ತಟ್ಟೆಗೂ ಹಾಕಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೇಗೂ ರಸ್ತೆಗಿಳಿಯಲು ಬಿಡದು. ಆಗ ಜಗಲಿಯಲ್ಲಿ ಬಸ್ಕಿ ಹೊಡೆಯಿರಿ, ಭಾರ ಎತ್ತಿ. ಸೈಕಲ್ಲಿನ ಮೇಲೆ ಕೂತಾಗ ಮೂಳೆಗೆ ಭಾರ ಬೀಳುವುದು ಕಡಿಮೆ. ಮೂಳೆ ಗಟ್ಟಿಯಾಗಿರಲು ಈ ಕೆಲಸ ಬೇಕೇ ಬೇಕು.

ಕಡೆಯದಾಗಿ, ಏರಿನಲ್ಲಿ ಎದೆ ಹಿಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ದಣಿವು ಅಂತ ಮನೆಗೆ ಹೋಗಿ ಮಲಗಬೇಡಿ. ಅಲ್ಲೇ ಇಳಿದು ಜೊತೆಯವರಿಗೆ ಹೇಳಿ, ನೇರ ಆಸ್ಪತ್ರೆಗೆ ಹೋಗಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.