ಬೆಳಗಾವಿಯ ಬಾವಿ, ಹನ್ನೊಂದರ ಹುಡುಗಿ

ಬೆಳಿಗ್ಗೆ ಏಳು ಗಂಟೆ, ಬೆಳಗಾವಿಯ ಟಿಳಕವಾಡಿ. ರೈಲ್ವೆ ಗೇಟು ಹಾಕಿದ್ದಾರೆ. ಸ್ಕೂಟರಿನವರೆಲ್ಲ ಹಾರ್ನ್ ಒತ್ತುತ್ತಿದ್ದಾರೆ, ರೈಲಿಗೆ ಅದು ಕೇಳಿಸುತ್ತದೆಯೋ ಏನೋ! ನಾನು ನಡೆಯುತ್ತಿರುವ ರಸ್ತೆಗೆ ಕಾಂಗ್ರೆಸ್ ರಸ್ತೆ ಎಂದೇ ಹೆಸರು. 1924ರ ಡಿಸೆಂಬರ್ 26 ಮತ್ತು 27ರಂದು ಕಾಂಗ್ರೆಸ್ಸಿನ 39ನೆಯ ಅಧಿವೇಶನ ನಡೆದದ್ದು ಇಲ್ಲೇ. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಏಕೈಕ ಅಧಿವೇಶನ ಇದು ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ನಾನು ಬಂದದ್ದು ಬಾವಿ ನೋಡಲು.

ಇದೇ ಆ ಬಾವಿ. ಸಾವಿರಾರು ಜನ ಸೇರಿದರೆ ಕುಡಿಯುವ ನೀರಿಗೇನು ಮಾಡುವುದು ಎಂಬ ಚಿಂತೆಯಲ್ಲಿ ಗಂಗಾಧರರಾವ್ ದೇಶಪಾಂಡೆಯವರು ಮತ್ತು ಅವರ ಸಂಗಡಿಗರು ತೋಡಿಸಿದ್ದು. ತಗುಲಿದ ವೆಚ್ಚ 4,370 ರೂಪಾಯಿ 3 ಆಣೆ. ಆ ಮೂರಾಣೆಯನ್ನೂ ಬಿಡದೆ ಬರೆದಿಟ್ಟ ಗುಮಾಸ್ತ ಯಾರೋ, ಅವನಿಗೊಂದು ನಮಸ್ಕಾರ. ಬಾವಿಗೆ ಪಂಪಾ ಸರೋವರ ಎಂದು ಹೆಸರಿಟ್ಟರು. ಅಧಿವೇಶನದ ಬಯಲಿಗೆ ವಿಜಯನಗರ ಎಂದು. ಊರು ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು, ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ನೆಲ ಕೈಯಲ್ಲಿಲ್ಲದಾಗ ಹೆಸರನ್ನಾದರೂ ಇಟ್ಟುಕೊಳ್ಳೋಣ ಎಂದಿರಬೇಕು. ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಸಮ್ಮೇಳನ ನಡೆದದ್ದೂ ಇಲ್ಲಿಯೇ, ಆಗಲೇ. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಈ ಬಯಲಿನಲ್ಲಿ ಮೊಳಗಿತು. ನಾಡು ಒಂದಾಗಲು 1956ರ ತನಕ ಕಾಯಬೇಕಾಯಿತು.

ಒಳಗೆ ನಡೆದ ಚರ್ಚೆಗಳಲ್ಲಿ ನನಗೆ ಬಹಳ ಮೋಜೆನಿಸಿದ್ದು ನೂಲಿನ ನಿಯಮ. ಕಾಂಗ್ರೆಸ್ ಸದಸ್ಯರಾಗಬೇಕಿದ್ದರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕು ಎಂದು ಇಲ್ಲಿ ಒಪ್ಪಿಕೊಂಡರು. ಸ್ವತಃ ನೂಲಲು ಮನಸ್ಸಿಲ್ಲದವರು ಬೇರೆಯವರಿಂದ ನೂಲಿಸಿ ತಂದುಕೊಡಬಹುದಿತ್ತು. ಈ ಕಿಂಡಿ ಇದ್ದರೂ ನಿಯಮ ಒಂದು ವರ್ಷ ಬಾಳಲಿಲ್ಲ. ಭಾಷಣ ಮಾಡಲು ಕೈ ಎತ್ತಿದಷ್ಟು ಸುಲಭವಲ್ಲ, ರಾಟೆ ತಿರುಗಿಸುವುದು.

ಈಗ ಆ ಹುಡುಗಿಯ ವಿಷಯ. ಧಾರವಾಡದಿಂದ ಬಂದವಳು, ಹನ್ನೊಂದು ವರ್ಷ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಗಾಂಧೀಜಿಯ ಎದುರು ಸ್ವಾಗತ ಗೀತೆ ಹಾಡುವ ಮಕ್ಕಳಲ್ಲಿ ಇವಳೂ ಒಬ್ಬಳು. ಅಷ್ಟು ದೊಡ್ಡ ಸಭೆ, ತಾಳ ತಪ್ಪಿದರೆ ಎಂಬ ಹೆದರಿಕೆ ಯಾರಿಗಾದರೂ ಸಹಜ. ಇವಳ ಹೆದರಿಕೆಯೇ ಬೇರೆ. ಊಟವಾದ ಮೇಲೆ, ಕೆಳಜಾತಿಯವಳು ಎಂದು ತನ್ನಿಂದ ಎಂಜಲೆಲೆ ಎತ್ತಿಸುತ್ತಾರೇನೋ ಎಂದು. ಮುಂದೆ ಗಂಗೂಬಾಯಿ ಹಾನಗಲ್ ಎಂದು ಜಗತ್ತಿಗೆ ಪರಿಚಿತರಾದ ಮೇಲೆ ಅವರೇ ಇದನ್ನು ನೆನಪಿಸಿಕೊಂಡಿದ್ದಾರೆ.

ಇದನ್ನು ಓದಿದ ದಿನದಿಂದ ಈ ಬಯಲು ನನಗೆ ಬೇರೆಯಾಗಿಯೇ ಕಾಣುತ್ತದೆ. ಅಸ್ಪೃಶ್ಯತೆ ಹೋಗಬೇಕು ಎಂದು ಗಾಂಧೀಜಿ ಊರೂರಲ್ಲಿ ಹೇಳುತ್ತಿದ್ದ ಕಾಲ. ದಕ್ಷಿಣದಲ್ಲಿ, ದೇವಸ್ಥಾನದ ಸುತ್ತಲಿನ ರಸ್ತೆಯಲ್ಲಿ ನಡೆಯುವ ಹಕ್ಕಿಗಾಗಿ ವೈಕಂ ಸತ್ಯಾಗ್ರಹ ಆ ವರ್ಷದ ಮಾರ್ಚಿನಿಂದಲೇ ನಡೆದಿತ್ತು. ಆದರೂ ಅದೇ ಚಪ್ಪರದಡಿ ಒಂದು ಮಗು ಪಂಕ್ತಿಯ ಕಡೆ ಕಣ್ಣಿಟ್ಟುಕೊಂಡೇ ಹಾಡಿತು. ಅಧಿವೇಶನದ ನಿರ್ಣಯಗಳನ್ನು ಓದಿದರೆ ಈ ಭಯ ಸಿಗುವುದಿಲ್ಲ.

ಗೇಟು ತೆರೆಯಿತು. ಬಾವಿಯನ್ನು ಇನ್ನೊಮ್ಮೆ ನಿಮಗೆ ತೋರಿಸಿ ಬಸ್ ನಿಲ್ದಾಣಕ್ಕೆ ಹೊರಡುತ್ತೇನೆ. ದಾರಿಯಲ್ಲಿ ಕೇಳಲು 1930ರ ದಶಕದ ಒಂದು ಗ್ರಾಮಫೋನ್ ಹಾಡು ಮೊಬೈಲಿನಲ್ಲಿದೆ. ನಮಗೆ ಗೊತ್ತಿರುವ ಗಂಭೀರ, ಗಡಸು ದನಿಯಲ್ಲ; ಎಳೆಯ, ತೆಳುವಾದ, ಏರುಸ್ಥಾಯಿಯ ದನಿ. ಆಗಿನ ತಟ್ಟೆಗಳ ಮೇಲೆ ಕಂಪನಿಯವರು ಗಂಗೂಬಾಯಿ ಎಂದು ಅಚ್ಚು ಹಾಕಿಸಲಿಲ್ಲ. ಗಾಂಧಾರಿ ಎಂದು ಹಾಕಿಸಿದರು.